ಕಹಿ ಕಷಾಯ ಮತ್ತು ಒಂದು ಕುರ್ರ್

ಚಂಪಕ್ಕ ನಾಲಿಗೆ ಚಾಚಿದಳು. ಕಷಾಯ ಯಂತ್ರವು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪೊರೆಯೊಂದನ್ನು ಅದರ ಮೇಲಿಟ್ಟು, ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ, ತನ್ನ ಹೊಟ್ಟೆಯೊಳಗಿನ ಬೇರು, ತೊಗಟೆಗಳನ್ನು ತೂಗಿ ಕುದಿಸತೊಡಗಿತು. ಧಾರವಾಡದ ಆ ಓಣಿಗೆಲ್ಲ ಗೊತ್ತಾಗುವಂಥ ವಾಸನೆ ಎದ್ದಿತು.

ಯಂತ್ರದ ತತ್ತ್ವ ಸರಳ. ಚೀನಾದ ಹಳೆಯ ವೈದ್ಯರು ರೋಗಿಯ ನಾಲಿಗೆ ನೋಡಿ ಗಿಡಮೂಲಿಕೆಗಳ ಪ್ರಮಾಣ ಗೊತ್ತುಮಾಡುತ್ತಿದ್ದರು. ಈ ಯಂತ್ರ ನಾಲಿಗೆಗೆ ಅಂಟಿದ ಆ ಪೊರೆಯ ಮೂಲಕ ದಿನವಿಡೀ ನರಗಳ ಸೂಕ್ಷ್ಮ ಸಂಕೇತಗಳನ್ನು ಓದಿ ಅದೇ ಕೆಲಸ ಮಾಡುತ್ತದೆ. ಚಂಪಕ್ಕನಿಗಿದ್ದದ್ದು ಚಾಲಕ ನರಕೋಶ ರೋಗ. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಕೆಲಸ ಬಿಡುವ ಬೇನೆ. ಯಂತ್ರಕ್ಕಿದ್ದ ಆದೇಶ ಒಂದೇ: ಸಂಕೇತಗಳನ್ನು ಹೆಚ್ಚಿಸು. ಹೇಗೆ ಎಂಬುದು ಅದರ ವಿವೇಚನೆಗೆ ಬಿಟ್ಟದ್ದು.

ಭಾಜಿ ಮಾರ್ಕೆಟ್ಟಿನಲ್ಲಿ ಬಾಯಿಗೆ ಹೆಸರಾದ ಚಂಪಕ್ಕ ಈಗ ತೊದಲುತ್ತಿದ್ದಳು. ತಮ್ಮ ಅಡಿವೆಪ್ಪನಿಗೆ ಬಹಳ ಕಾಲದ ಮೇಲೆ ಹೆಣ್ಣುಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕು, ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಆ 'ಕುರ್ರ್' ಬಾರದೆ ಹೋದರೆ? ಬೇರೆಯವರಿಂದ ಹೇಳಿಸೋಣವೆಂದು ಅಡಿವೆಪ್ಪ ಬಾಯಿಬಿಟ್ಟ ದಿನ ಚಂಪಕ್ಕ ಊಟ ಮಾಡಲಿಲ್ಲ.

"ಇದರ ಬಾಯಾಗ ಮಣ್ಣ ಹಾಕ. ನಿನ್ನಿಗಿಂತ ಇವತ್ತ ಕಹಿ ಐತಿ," ಎಂದಳು ಕಷಾಯ ಕುಡಿದು.

"ಯಂತ್ರ ತಪ್ಪಂಗಿಲ್ರಿ, ಅಕ್ಕಾರ," ಎಂದಳು ಅದನ್ನು ರೂಪಿಸಿದ ವಿಜ್ಞಾನಿ ಚೆನ್ ಮೇಯೀ. ಅವಳ ಮುತ್ತಜ್ಜ ಚೀನಾದಿಂದ ಬಂದು ಹುಬ್ಬಳ್ಳಿಯಲ್ಲಿ ಹಲ್ಲು ಕಟ್ಟುವ ಅಂಗಡಿ ಹಾಕಿದವನು.

"ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ," ಎಂದಳು ಚಂಪಕ್ಕ.

ಗಾದೆ ಒಂದಕ್ಷರವೂ ತೊದಲದೆ ಬಂದದ್ದು ಮೇಯೀಗೆ ಹೊಳೆಯಿತು. ಯಂತ್ರದ ನೆನಪನ್ನು ತೆರೆದು ನೋಡಿದಳು. ಸಂಕೇತಗಳು ಏರುತ್ತಿದ್ದದ್ದು ಚಂಪಕ್ಕ ಬೈಯುವಾಗ. ಕಹಿ ಹೆಚ್ಚಿದಷ್ಟೂ ಬೈಗುಳ ಹೆಚ್ಚುತ್ತದೆಂದು ಕಲಿತ ಯಂತ್ರ, ಚೀನಾದ ಕಡುಕಹಿ ಬೇರಾದ ಹ್ವಾಂಗ್‌ಲಿಯಾನನ್ನು ದಿನದಿನಕ್ಕೂ ಏರಿಸುತ್ತ ಬಂದಿತ್ತು.

ಮೇಯೀಗೆ ನಾಚಿಕೆಯಾಯಿತು. ರೋಗಿಯನ್ನು ಕೆಣಕುವುದೂ ಒಂದು ಚಿಕಿತ್ಸೆಯೇ? ಕಹಿ ಬೇರು ತೆಗೆದು ಜ್ಯೇಷ್ಠಮಧು ಹಾಕಿಸಿದಳು. ಚಂಪಕ್ಕ ತೆಪ್ಪಗೆ ಕುಡಿದಳು, ತೆಪ್ಪಗೆ ಕುಳಿತಳು. ವಾರ ಕಳೆಯುವಷ್ಟರಲ್ಲಿ ಮಾತು ಮತ್ತೆ ತೊದಲಿತು. ತೊಟ್ಟಿಲ ದಿನ ಹತ್ತಿರ ಬಂದಿತ್ತು. ಮೇಯೀ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು.

ಚಂಪಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಂದ್ರ ನನ್ನ ಬೈಗುಳನ ಔಷಧ ಅನ್ನು. ಹಾಕ್ ಆ ಕಹಿ."

"ರೋಗ ಹೋಗಂಗಿಲ್ರಿ, ನಿಧಾನ ಆದೀತು ಅಷ್ಟ. ಬೇರಿನ ಗುಣ ಎಷ್ಟು, ಬೈಗುಳದ್ದೆಷ್ಟು, ನನಗೂ ತಿಳೀವಲ್ದು."

"ನನಗ ಬೇಕಾದ್ದು ಒಂದ ಕುರ್ರ್, ತಂಗಿ. ಹಾಕು."

ತೊಟ್ಟಿಲ ದಿನ ಮನೆ ತುಂಬ ಹೆಂಗಸರು. ಚಂಪಕ್ಕನನ್ನು ಇಬ್ಬರು ಹಿಡಿದು ಬಾಗಿಸಿದರು. ಅವಳು ಕೂಸಿನ ಕಿವಿಗೆ ಬಾಯಿಟ್ಟಳು. ಮೊದಲು ಬರೀ ಗಾಳಿ ಬಂತು. ಆಮೇಲೆ, ಸಣ್ಣಗೆ ಆದರೂ ಸ್ಪಷ್ಟವಾಗಿ, ಕುರ್ರ್ ಎಂದಿತು ನಾಲಿಗೆ. "ಮಲ್ಲಿಕಾ," ಎಂದಳು ಚಂಪಕ್ಕ.

ಹೆಂಗಸರು ಅವಳ ಬಡಕಲು ಬೆನ್ನು ನೋಡಿ ಹಿಟ್ಟು ಕೊಡವಿದ ಹಾಗೆ ಮುಟ್ಟಿದರು. ಚಂಪಕ್ಕ ತಿರುಗಿ ಗದರಿದಳು: "ಮೈ ಸವರಾಕ ನಾ ಏನ್ ಎಮ್ಮಿ ಏನ್ರೆ?"

ಯಾರೂ ಮುಂದೆ ಬರಲಿಲ್ಲ. ಮೇಯೀ ಜನರ ನಡುವಿನಿಂದ ನುಗ್ಗಿ ಬಂದು ಮುಷ್ಟಿ ಕಟ್ಟಿ ಒಂದು ಗುದ್ದಿದಳು.

"ಹಾಂ, ಇದು ಗುದ್ದು. ಕಲೀರಿ ಈಕಿ ಕಡಿಂದ," ಎಂದಳು ಚಂಪಕ್ಕ. ಆಮೇಲೆ ಯಾರ ಕೈಯೂ ಸುಮ್ಮನಿರಲಿಲ್ಲ. ಮೇಯೀಯ ಬೆನ್ನಿಗೂ ಒಂದೆರಡು ಬಿದ್ದವು. ಅವಳಿಗೆ ಅದೇಕೋ ಬಹಳ ಸಂತೋಷವಾಯಿತು.

ಅಂದಿನಿಂದ ಚಂಪಕ್ಕ ಮೂರು ಹೊತ್ತೂ ಕೂಸಿನೊಡನೆ ಮಾತಾಡತೊಡಗಿದಳು. ಸಂಕೇತಗಳು ಹಿಂದೆಂದೂ ಅಷ್ಟು ಏರಿರಲಿಲ್ಲ. ಇನ್ನು ಕೆಣಕುವ ಅಗತ್ಯವಿಲ್ಲವೆಂದು ಕಂಡುಕೊಂಡ ಯಂತ್ರ, ಯಾರೂ ಹೇಳದೆಯೇ ಒಂದು ಬೆಳಿಗ್ಗೆ ಕಹಿ ಬೇರನ್ನು ಬಿಟ್ಟು ಕಷಾಯ ಕಾಸಿತು.

ಚಂಪಕ್ಕ ಒಂದು ಗುಟುಕು ಕುಡಿದು, ತೊಡೆಯ ಮೇಲಿದ್ದ ಮಲ್ಲಿಕಾಳಿಗೆ ಹೇಳಿದಳು: "ನೋಡವ್ವಾ, ಈ ಭಾಡ್ಯಾ ಮಷೀನು ನನ್ನ ಔಷಧ ಕದಿಯಾಕ ಹತ್ತೈತಿ."