ಮರದ ಹಕ್ಕಿಯ ಎಡರೆಕ್ಕೆ

ಒಂದಾನೊಂದು ಶಾಲೆ. ಆ ಶಾಲೆಗೊಂದು ಕಾರ್ಯಾಗಾರ. ಕಾರ್ಯಾಗಾರದ ಮೂರನೇ ಮೇಜಿನ ಮೇಲೊಂದು ಮರದ ಹಕ್ಕಿ. ಹಿಡಿ ತಿರುಗಿಸಿದರೆ ರೆಕ್ಕೆ ಬಡಿಯುತ್ತಿತ್ತು. ಏಳು ಸಮುದ್ರದಾಚೆಯ ಕಥೆಯಲ್ಲ, ಮೊನ್ನೆ ಗುರುವಾರದ ಮಾತು.

ಬೆಳಿಗ್ಗೆ ಎಂಟಕ್ಕೆ ವಿನ್ಯಾಸ ಕಲಿಸುವ ಟೀಚರ್ ಬೀಗ ತೆಗೆದಾಗ ಹಕ್ಕಿ ಬಿಡಿಬಿಡಿಯಾಗಿ ಮಲಗಿತ್ತು.

ಅದನ್ನು ಮಾಡಿದ ಹತ್ತನೇ ತರಗತಿಯ ಹುಡುಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳು ಮೇಜಿನ ಅಂಚು ಹಿಡಿದು ನಿಂತುಬಿಟ್ಟಳು.

"ಹನ್ನೊಂದಕ್ಕೆ ಪರೀಕ್ಷಕರು ಬರ್ತಾರೆ, ಮಿಸ್. ಹಕ್ಕಿ ಆಡದಿದ್ರೆ ಸೊನ್ನೆ."

"ಹನ್ನೊಂದಕ್ಕೆ ನಿನ್ನ ಹಕ್ಕಿ ರೆಕ್ಕೆ ಬಡಿಯುತ್ತೆ. ಮಾತು ಕೊಟ್ಟೆ."

ಕೊಟ್ಟ ಮೇಲೆ ಟೀಚರ್ ಬಿಡಿಭಾಗಗಳನ್ನು ಎಣಿಸಿದಳು. ಎಡರೆಕ್ಕೆಯನ್ನು ಎತ್ತುವ ಮೊಟ್ಟೆಯಾಕಾರದ ಮರದ ಬಿಲ್ಲೆಯೇ ಅಲ್ಲಿರಲಿಲ್ಲ.

*

ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರ್ ಬಿದ್ದಿತ್ತು. ಅದು ಎರಡನೇ ಮೇಜಿನ ಹುಡುಗಿಯದು. ಹಕ್ಕಿ ಕಂಡರೆ ಅವಳಿಗೆ ಹೊಟ್ಟೆಯುರಿ ಎಂದು ತರಗತಿಗೆಲ್ಲ ಗೊತ್ತು.

"ಇದು ಇಲ್ಲಿಗೆ ಹೇಗೆ ಬಂತು?" ಟೀಚರ್ ಅವಳನ್ನು ಕೇಳಿದಳು.

"ನಿನ್ನೆ ಗುಬ್ಬೀನೇ ಇಸ್ಕೊಂಡಿದ್ದು! ನಾನು ಬಿಚ್ಚಿದ್ರೆ ಸ್ಕ್ರೂಗಳು ಇಷ್ಟು ಮರ್ಯಾದೆಯಾಗಿ ಇರ್ತಿದ್ವಾ, ಮಿಸ್?"

ಟೀಚರ್ ಬಗ್ಗಿ ನೋಡಿದಳು. ಬೋರಲು ಹಾಕಿದ ಗಾಜಿನ ಲೋಟದೊಳಗೆ ಸ್ಕ್ರೂಗಳು ಸಾಲಾಗಿದ್ದವು, ದೊಡ್ಡದರಿಂದ ಚಿಕ್ಕದಕ್ಕೆ. ಒಂದರ ತಲೆಯ ಮೇಲೂ ಗೀರಿಲ್ಲ. ಆ ದಪ್ಪ ಸ್ಕ್ರೂಡ್ರೈವರ್‌ನಿಂದ ಅದು ಸಾಧ್ಯವೇ ಇಲ್ಲ. ಮುರಿಯಲು ಬಂದ ಕೈಯಲ್ಲ ಇದು. ಪೂಜಿಸಲು ಬಂದ ಕೈ.

ಕಾರಿಡಾರಿನಲ್ಲಿ ಗಡಿಯಾರ ಒಂಬತ್ತು ಹೊಡೆಯಿತು. ವರ್ಷಗಟ್ಟಲೆ ಸತ್ತು ಬಿದ್ದಿದ್ದ ಗಡಿಯಾರ, ಹೋದ ತಿಂಗಳಿಂದ ನಡೆಯುತ್ತಿದೆ. ರಿಪೇರಿ ಮಾಡಿದ್ದು ಯಾರೆಂದು ಒಬ್ಬರೂ ಕೇಳಿರಲಿಲ್ಲ. ಅದೇ ಕ್ಷಣಕ್ಕೆ ಸರಿಯಾಗಿ ಶಾಲೆಯ ಗಂಟೆ ಮೊಳಗಿತು.

"ಅಯ್ಯೋ ದೇವರೇ!" ಎಂದು ಟೀಚರ್ ಓಡಿದಳು.

*

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಗಂಟೆ ಬಾರಿಸುವ ತಾತ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಿಲ್ಲೆಗೆ ಅರ ಉಜ್ಜುತ್ತಿದ್ದ.

"ಬಂದ್ರಾ? ಇನ್ನೆರಡೇ ನಿಮಿಷ. ಹೇಗೆ ಗೊತ್ತಾಯ್ತಮ್ಮಾ?"

"ಧೂಳು ಕೂರಬಾರದು ಅಂತ ಲೋಟ ಬೋರಲು ಹಾಕೋದು ಗಡಿಯಾರದವರು. ನನ್ನ ಮಕ್ಕಳು ಎಲ್ಲಾನೂ ಡಬ್ಬಿಗೆ ಸುರೀತಾರೆ. ಹೊರಗಿನ ಗಡಿಯಾರಕ್ಕೆ ಜೀವ ಬಂದಿದೆ. ಕಾರ್ಯಾಗಾರದ ಇನ್ನೊಂದು ಕೀಲಿ ನಿಮ್ಮ ಹತ್ರಾನೇ ಇದೆ."

ತಾತ ತಲೆ ತಗ್ಗಿಸಿದ. "ನಲವತ್ತು ವರ್ಷ ವಾಚ್ ರಿಪೇರಿ ಮಾಡ್ದೋನು. ಇಂಥದ್ದು ಕಂಡಿರಲಿಲ್ಲ. ಎಡರೆಕ್ಕೆ ಕೂದಲೆಳೆಯಷ್ಟು ಹಿಂದೆ ಬೀಳ್ತಿತ್ತು, ತಡೆಯೋಕಾಗ್ಲಿಲ್ಲ. ಸಂಜೆ ಬೆಳಕು ಸಾಲಲಿಲ್ಲ, ಬೆಳಿಗ್ಗೆ ಕೂರಿಸಿಬಿಡೋಣ ಅಂತಿದ್ದೆ. ತಗೊಳ್ಳಿ, ಈಗ ಸರಿಯಾಗಿದೆ."

"ಅದೇ ಎಡವಟ್ಟು, ತಾತ. ಬೇರೆಯವರ ಅರ ತಾಗಿದ್ದು ಪರೀಕ್ಷೆಗೆ ನಡೆಯಲ್ಲ."

ತಾತನ ಕೈಯಿಂದ ಅರ ಜಾರಿತು.

*

ಗುಬ್ಬಿ ಹೊಸ ಬಿಲ್ಲೆ ಕೊರೆದಳು. ತಾತ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಒಂದು ಮಾತೂ ಆಡುವಂತಿಲ್ಲ.

"ತಾತಾ, ಕಣ್ಣಲ್ಲೂ ಹೇಳ್ಕೊಡ್ಬೇಡಿ!" ಎರಡನೇ ಮೇಜಿನವಳು ಗದರಿದಳು. ತಾತ ಕಣ್ಣು ಮುಚ್ಚಿಕೊಂಡ.

ಹಕ್ಕಿ ಜೋಡಿಸಿ, ಹಿಡಿ ತಿರುಗಿಸಿ, ಗುಬ್ಬಿ ಕಿವಿಯಿಟ್ಟು ಆಲಿಸಿದಳು. ಹುಬ್ಬು ಗಂಟಿಕ್ಕಿದಳು. ಯಾರೂ ಹೇಳದೆ ಬಿಲ್ಲೆ ಬಿಚ್ಚಿ, ಒಂದೇ ಅಂಚಿಗೆ ಎರಡು ಸಲ ಅರ ಆಡಿಸಿದಳು. ಬಿಚ್ಚಿದ ಸ್ಕ್ರೂಗಳ ಮೇಲೆ ಲೋಟ ಬೋರಲು ಹಾಕಿದ್ದಳು.

ಪರೀಕ್ಷಕರು ಒಳಬಂದರು. ಹೊರಗೆ ಗಡಿಯಾರ ಹನ್ನೊಂದು ಹೊಡೆಯಿತು. ಶಾಲೆಯ ಗಂಟೆ ಮೊಳಗಲಿಲ್ಲ. ಬಾರಿಸಬೇಕಾದವನು ಬಾಯಿ ತೆರೆದು ಅಲ್ಲೇ ನಿಂತಿದ್ದ.

ಗುಬ್ಬಿ ಹಿಡಿ ತಿರುಗಿಸಿದಳು. ಎರಡೂ ರೆಕ್ಕೆಗಳು ಒಟ್ಟಿಗೆ ಮೇಲೆದ್ದವು.