ರೋಹಿಣಿ ಬಂದಾಗ

ಮದುವೆಯಾಗೆಂದು ಕೇಳುವಾಗಲೂ ಹುಡುಗಿಯನ್ನು "ಸಿಸ್ಟರ್" ಎಂದವನು ಇಡೀ ಔರಾದಿನಲ್ಲಿ ಸುಜೀತ ಒಬ್ಬನೇ ಇರಬೇಕು.

ಫೆಬ್ರವರಿಯ ಒಂದು ಮಧ್ಯಾಹ್ನ, ನರ್ಸ್ ಏಂಜೆಲ ಅವನ ಶಾಲೆಗೆ ಲಸಿಕೆ ಹಾಕಲು ಹೋಗಿದ್ದಳು. ಹೊರಟಾಗ ಗೇಟಿನವರೆಗೂ ಬಂದ ಈ ವಿಜ್ಞಾನದ ಮೇಷ್ಟ್ರು, ಅವಳ ಲಸಿಕೆ ಡಬ್ಬಿಯನ್ನೇ ನೋಡುತ್ತ ಹೇಳಿದ್ದ.

"ಸಿಸ್ಟರ್, ನಿಮ್ಮನ್ನ ಮದಿವಿ ಆಗಬೇಕಂತ ಮನಸ್ಸದ. ಈಗೇನೂ ಹೇಳಬ್ಯಾಡ್ರಿ. ರೋಹಿಣಿ ಬಂದಾಗ ಇಲ್ಲಿಗೇ ಬಂದು ಹೇಳ್ರಿ. ಕಾಯ್ತೇನಿ."

ಏಂಜೆಲ ಮನ್ನಳ್ಳಿಯ ಒಕ್ಕಲು ಮನೆಯವಳು. ಅಲ್ಲಿ ರೋಹಿಣಿ ಎಂದರೆ ಮೇ ಕೊನೆಗೆ ಬರುವ ಮಳೆ. ಮೂರು ತಿಂಗಳು ಕಾಯುತ್ತೇನೆನ್ನುವ ಗಂಡಸು ಅವಳಿಗೆ ಬಹಳ ಹಿಡಿಸಿದ. ನಾಲಿಗೆಯ ತುದಿಯಲ್ಲಿದ್ದ "ಹೂಂ" ಅನ್ನು ನುಂಗಿಕೊಂಡಳು. ಆಮೇಲೆ ಬಜಾರಿನಲ್ಲಿ ಎದುರಾದರೆ ಅವನು ತಲೆ ತಗ್ಗಿಸಿ ರಸ್ತೆ ದಾಟುತ್ತಿದ್ದ. ಎಷ್ಟು ಸಭ್ಯ, ಒಂದಿಷ್ಟೂ ಅವಸರ ಮಾಡುವುದಿಲ್ಲ ಎಂದು ಇವಳು ಇನ್ನಷ್ಟು ಮೆಚ್ಚಿದಳು. ಹುಚ್ಚು ಹುಡುಗಿ.

ಮೇ ಕೊನೆಯ ವಾರ ಜೊತೆಯ ನರ್ಸ್ ಶೈಸ್ತಾ ಸುದ್ದಿ ತಂದಳು. "ಆ ಸೈನ್ಸ್ ಸರ್‌ಗ ಭಾಲ್ಕಿಗಿ ಟ್ರಾನ್ಸ್‌ಫರ್ ಆಗ್ಯದಂತ. ಐತವಾರ ಬೀದರದಾಗ ಹೆಣ್ಣ ನೋಡ್ಲಾಕ ಹೊಂಟಾರಂತ."

ಹೊರಗೆ ಮಳೆ ಹಿಡಿದಿತ್ತು. ಡ್ಯೂಟಿ ಮುಗಿದದ್ದೇ ತಡ, ಏಂಜೆಲ ಕೊಡೆಯನ್ನೂ ಮರೆತು ಶಾಲೆಗೆ ನಡೆದಳು.

ಸುಜೀತ ಲ್ಯಾಬಿನಲ್ಲಿ ಪುಸ್ತಕ ಕಟ್ಟುತ್ತಿದ್ದ. ತೊಯ್ದು ನಿಂತವಳನ್ನು ಕಂಡು ಅವನ ಕೈ ನಿಂತಿತು.

"ಕಾಯ್ತೇನಿ ಅಂದಿದ್ರಿ," ಎಂದಳು.

"ಕಾಯ್ದೆನಲ್ರಿ. ಅವತ್ತ ಸಂಜಿ, ಇಲ್ಲೇ ಸಾಲಿ ಮಾಳಿಗಿ ಮ್ಯಾಲ. ರೋಹಿಣಿ ಬಂತು, ನೀವು ಬರಲಿಲ್ಲ."

"ಫೆಬ್ರವರಿದಾಗ ರೋಹಿಣಿ ಹ್ಯಾಂಗ ಬರ್ತದ್ರಿ? ಈಗ ಬಂದದ ನೋಡ್ರಿ," ಎಂದು ಕಿಟಕಿಯತ್ತ ಕೈ ಮಾಡಿದಳು.

ಅವನು ಮಳೆ ನೋಡಿದ, ಅವಳನ್ನು ನೋಡಿದ, ಬೆಂಚಿನ ಮೇಲೆ ಕುಸಿದು ಕೂತ.

"ನಾ ಹೇಳಿದ್ದು ಚುಕ್ಕಿರಿ. ಕೆಂಪ ಚುಕ್ಕಿ. ವಯಸ್ಸಾಗಿ ಉಬ್ಬಿದ ಸೂರ್ಯ ಅದು, ದುರ್ಬೀನ ಇಲ್ಲದೇ ಕಾಣ್ತದ. ನಮ್ಮಂಥ ಪ್ಯಾಟ್ಯಾಗ ಬೆಳೆದವರಿಗಿ ಮಳಿ ಹೆಸರು ಎಲ್ಲಿ ಗೊತ್ತಿರ್ತದ್ರಿ?"

ಮೂರು ತಿಂಗಳ ಆ ತಗ್ಗಿದ ತಲೆ ಸಭ್ಯತೆಯದಲ್ಲ, ನೋವಿನದು ಎಂದು ಅವಳಿಗೆ ಈಗ ತಿಳಿಯಿತು. ಅವನ ಮೇಲೆ ಸಿಟ್ಟೂ ಬಂತು, ಕರುಣೆಯೂ ಬಂತು.

"ತೋರಸ್ರಿ ಆ ಚುಕ್ಕಿ."

"ಈಗ ಕಾಣಂಗಿಲ್ಲ. ಸೂರ್ಯ ಅದರ ಕಡಿಗೇ ಹೋಗ್ಯಾನ. ಅದಕ್ಕೇ ಈ ಮಳಿಗಿ ಆ ಹೆಸರು ಬಂದಿರಬೇಕು."

"ಅಂದ್ರ ಈ ಮಳಿ ಬಂದಾಗ ಚುಕ್ಕಿ ಇರಂಗಿಲ್ಲ?"

"ಇರ್ತದ. ಬೆಳಕಿನ್ಯಾಗ ಮುಚ್ಚಿರ್ತದ, ಅಷ್ಟೇ."

ಏಂಜೆಲ ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ಉತ್ತರಾನೂ ಹಂಗೇ ಇತ್ರಿ. ಅವತ್ತಿನಿಂದ."

ಅವನ ಕಣ್ಣು ತುಂಬಿದವು. ಅವಳು ಬೇಕೆಂದೇ ಕಿಟಕಿಯ ಕಡೆ ತಿರುಗಿದಳು.

"ಐತವಾರ ಬೀದರಕ್ಕ ಹೋಗಬ್ಯಾಡ್ರಿ. ನಿಮ್ಮ ಅವ್ವಗ ಫೋನ್ ಮಾಡಿ ಮನ್ನಳ್ಳಿಗಿ ಕರ್ಕೊಂಡು ಬರ್ರಿ. ರೋಹಿಣಿ ಮುಗಿದು ಮಿರಗ ಬಂತಂದ್ರ ನಮ್ಮಪ್ಪ ಬಿತ್ತಲಾಕ ಹೋಗ್ತಾನ, ಸಿಗಂಗಿಲ್ಲ."

"ಮಿರಗ ಅಂದ್ರ ಮಳಿನೋ, ಚುಕ್ಕಿನೋ?"

ಅವಳು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಐತವಾರ, ಚರ್ಚ್ ಬಿಟ್ಟ ಮೇಲೆ, ಮಧ್ಯಾಹ್ನ ಹನ್ನೆರಡು.

ಸುಜೀತ ಅದನ್ನು ಎರಡು ಸಲ ಓದಿದ. "ಬರ್ತೇನಿ, ಸಿಸ್..." ಎಂದವನು ನಾಲಿಗೆ ಕಚ್ಚಿಕೊಂಡ.

"ಬರ್ತೇನಿ, ಏಂಜೆಲ."