ವಿಡಿಯೋ ಗೇಮಿನೊಳಗೆ ಅಜ್ಜಿಯ ಅಂಗಳ

ಸಾಗರಕ್ಕೆ ವಿಡಿಯೋ ಗೇಮ್ ಅಂಗಡಿ ಬಂದ ಹೊಸತು, ೧೯೮೭. ಎಲ್ಲರಿಗೂ ಗುಂಡು ಹಾರಿಸುವ ಆಟದ ಹುಚ್ಚು. ನನಗೋ, ಕಾಡಿನಲ್ಲಿ ಬೇಕಾದ ಕಡೆ ಅಲೆಯುವ ಆಟವೇ ಇಷ್ಟ. ಗೆಲ್ಲುವುದಕ್ಕಿಂತ ಮುಂದೇನಿದೆ ಎಂದು ನೋಡುವುದರಲ್ಲೇ ಸುಖ ಎಂದು ಈಗಲೂ ವಾದಿಸುತ್ತೇನೆ.

ಒಂದು ಮಧ್ಯಾಹ್ನ ಬೆಳ್ಳಪ್ಪ ಮಾವನನ್ನೂ ಕರೆದೊಯ್ದೆ. ಅವರ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಅವರ ಅಮ್ಮ, ನಾನು ಕಾಣದ ಅಜ್ಜಿ, ತೀರಿಕೊಂಡದ್ದೂ ಆ ಊರಲ್ಲೇ. ಊರು ಬಿಟ್ಟಮೇಲೆ ಮಾವ ಆ ನೀರಿನ ಕಡೆ ತಲೆಹಾಕಿರಲಿಲ್ಲ.

ಆಡುತ್ತಿದ್ದಂತೆ, ಕೀಂ ಕೀಂ ಎನ್ನುವ ಆ ಪೆಟ್ಟಿಗೆಯಿಂದ ಒನಕೆಯ ಸದ್ದು ಬಂತು. ಮಾವ ನನ್ನ ಭುಜ ಹಿಡಿದರು.

"ಎಡಕ್ಕೆ ತಿರುಗ್ಸೆ. ಅದು ನಮ್ಮನೆ ದಾರಿ."

ತಿರುಗಿಸಿದೆ. ಪರದೆಯ ಮೇಲೆ ಒಂದು ಅಂಗಳ, ಭತ್ತ ಕುಟ್ಟುತ್ತಿದ್ದ ಹೆಂಗಸು. ಅಂಗಡಿಯೊಳಗೆಲ್ಲ ತೌಡಿನ ವಾಸನೆ. ಆಕೆ ಒನಕೆ ನಿಲ್ಲಿಸಿ, ನಮ್ಮತ್ತ ತಿರುಗಿ ಕೈಬೀಸಿ ಕರೆದಳು.

"ನಿನ್ನಜ್ಜಿ ಕಣೆ," ಎಂದರು ಮಾವ. "ಆರಾಮಾಗಿದಾಳೆ."

ಅಷ್ಟರಲ್ಲಿ ಪರದೆ ಮತ್ತೆ ಕಾಡಾಯಿತು.

ಮರುದಿನ ಮಾವ ತಾವಾಗಿಯೇ ನನ್ನನ್ನು ಹೊಳೆಬಾಗಿಲಿಗೆ ಕರೆದೊಯ್ದು ಹಿನ್ನೀರು ದಾಟಿಸುವ ಲಾಂಚ್ ಹತ್ತಿಸಿದರು. ದಾರಿಯುದ್ದಕ್ಕೂ ಮುಳುಗಿದ ಮನೆಗಳ ಕಥೆ ಹೇಳಿ ನಗಿಸಿದರು. ನಡುನೀರಿನಲ್ಲಿ, "ನಮ್ಮನೆ ಇಲ್ಲೇ ಕೆಳಗೆ" ಎಂದು ಬಗ್ಗಿ ಕೈ ಅದ್ದಿದರು. ನಾನೂ ಅದ್ದಿದೆ.

ಪುಷ್ಯದ ಚಳಿಯಲ್ಲಿ ಹೊಳೆ ಕೊರೆಯುತ್ತಿತ್ತು. ಅಲ್ಲಿ ಮಾತ್ರ ನೀರು, ಯಾರೋ ಸ್ನಾನಕ್ಕೆ ಕಾಯಿಸಿಟ್ಟ ಹಾಗೆ, ಹದವಾಗಿ ಬೆಚ್ಚಗಿತ್ತು.